ಮಲಗುವ ಲೈ, ಮಲಗಿಸುವ ಲೇ



ಈ ಸಲದ ಭಿತ್ತಿಪತ್ರಿಕೆಗೆ ನಾನು ಎರಡು ಇಂಗ್ಲಿಷ್ ಕ್ರಿಯಾಪದಗಳನ್ನು ಆರಿಸಿಕೊಂಡಿದ್ದೇನೆ. ಒಂದು ಲೈ. ಅದರ ಅಕ್ಷರಗಳು ಎಲ್, ಐ, ಇ. ಇನ್ನೊಂದು ಲೇ. ಅದರ ಅಕ್ಷರಗಳು ಎಲ್, ಎ, ವೈ. ಇದು ನಾವು ಮೈದಾನದಲ್ಲಿ "ಲೇ, ಬಾರೋ" ಅಂತ ಕರೀತೀವಲ್ಲ, ಆ ಲೇ ಅಲ್ಲ!

ಲೈ ಅಂದರೆ ಮಲಗು, ಒರಗು. ನಿದ್ದೆ ಮಾಡು ಎಂದು ತಿಳಿಯಬೇಡಿ, ಅದಕ್ಕೆ ಸ್ಲೀಪ್ ಇದೆ. ಕಣ್ಣು ಬಿಟ್ಟುಕೊಂಡು ಚಾಪೆಯ ಮೇಲೆ ಸುಮ್ಮನೆ ಮೈ ಚಾಚಿದರೂ ಅದು ಲೈ. ಊರು, ಹೊಳೆ, ಬೆಟ್ಟಗಳಿಗೂ ಈ ಪದ ಬರುತ್ತದೆ. ಹಂಪಿ ತುಂಗಭದ್ರೆಯ ದಕ್ಷಿಣ ದಡದಲ್ಲಿದೆ ಅನ್ನುವಾಗ "ಇದೆ" ಅನ್ನೋ ಕಡೆ ಇಂಗ್ಲಿಷಿನವರು ಲೈಸ್ ಅಂತಾರೆ. ಹಂಪಿ ಅಲ್ಲಿ ಮಲಗಿದೆಯಂತೆ!

ಲೇ ಅಂದರೆ ಮಲಗಿಸು, ಇಡು. ಕನ್ನಡದ "ಇಡು" ಇದಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಕೋಳಿ ಮೊಟ್ಟೆ ಇಡುತ್ತೆ ಅಂತೀವಿ, ಅಲ್ಲೂ ಲೇ. ಅಡಿಗಲ್ಲು ಇಡುತ್ತಾರೆ ಅಂತೀವಿ, ಅಲ್ಲೂ ಲೇ. 1951ರ ಜುಲೈ 13ರಂದು ನೆಹರೂ ಅವರು ಬೆಂಗಳೂರಿನಲ್ಲಿ ವಿಧಾನಸೌಧಕ್ಕೆ ಅಡಿಗಲ್ಲು ಇಟ್ಟರು. ಇದನ್ನು ಇಂಗ್ಲಿಷಿನಲ್ಲಿ ಬರೆದರೆ "ಇಟ್ಟರು" ಅನ್ನುವ ಕಡೆ ಲೇಡ್ ಬರಬೇಕು. ನಮ್ಮ ಕೋಳಿಗೂ ಪ್ರಧಾನಿಗೂ ಒಂದೇ ಕ್ರಿಯಾಪದ.

ಗುರುತು ಹಿಡಿಯುವ ದಾರಿ ಕನ್ನಡ ವ್ಯಾಕರಣದಲ್ಲೇ ಇದೆ. ಸಕರ್ಮಕ, ಅಕರ್ಮಕ ಪಾಠದಲ್ಲಿ "ಏನನ್ನು?" ಎಂದು ಕೇಳಿ ನೋಡುತ್ತೀವಲ್ಲ, ಹಾಗೇ ಕೇಳಿ. ಕೋಳಿ ಏನನ್ನು ಇಟ್ಟಿತು? ಮೊಟ್ಟೆಯನ್ನು. ಉತ್ತರ ಸಿಕ್ಕಿತು, ಆದ್ದರಿಂದ ಲೇ. ನಾಯಿ ಏನನ್ನು ಮಲಗಿತು? ಈ ಪ್ರಶ್ನೆಯೇ ತಪ್ಪು, ಉತ್ತರ ಇಲ್ಲ, ಆದ್ದರಿಂದ ಲೈ. ಕನ್ನಡದಲ್ಲಾದರೆ "ಇಸು" ಹಚ್ಚಿ ಮಲಗು ಅನ್ನೋದನ್ನ ಮಲಗಿಸು ಮಾಡ್ತೀವಿ. ಇಂಗ್ಲಿಷಿನವರು ಪದದ ಹೊಟ್ಟೆಯೊಳಗಿನ ಸ್ವರವನ್ನೇ ಬದಲಾಯಿಸಿಬಿಟ್ಟಿದ್ದಾರೆ. ಈ ಜೋಡಿ ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೇ ಇತ್ತು.

ಇಲ್ಲಿಗೆ ಮುಗಿದಿದ್ದರೆ ಸುಲಭವಿತ್ತು. ತೊಂದರೆ ಇರೋದು ಭೂತಕಾಲದಲ್ಲಿ. ಲೇ ಪದದ ಭೂತಕಾಲ ಲೇಡ್, ಅಂದರೆ ಎಲ್, ಎ, ಐ, ಡಿ. ಲೈ ಪದದ ಭೂತಕಾಲ ಲೈಡ್ ಅಲ್ಲ. ಅದು ಲೇ! ಹೌದು, ಅದೇ ಅಕ್ಷರ, ಅದೇ ಉಚ್ಚಾರ. ಇವತ್ತು ಮಲಗಿದರೆ ಲೈ, ನಿನ್ನೆ ಮಲಗಿದ್ದರೆ ಲೇ. ಇದು ಇಂಗ್ಲಿಷಿನ ಮೋಸ ಅಂತ ನನಗೆ ಅನ್ನಿಸುತ್ತೆ. ಆದರೆ ನಾವೂ ಕಮ್ಮಿ ಇಲ್ಲ. ಏಳು ಅನ್ನೋದು ಎದ್ದ ಆಗುತ್ತೆ, ಬೀಳು ಅನ್ನೋದು ಬಿದ್ದ ಆಗುತ್ತೆ. ಹೊಸದಾಗಿ ಕನ್ನಡ ಕಲಿಯುವವರು ಎಷ್ಟು ಒದ್ದಾಡಬೇಕೋ!

ಹಾಗಾದರೆ ಲೈಡ್ ಅನ್ನೋ ಪದ ಇಲ್ಲವೇ? ಇದೆ. ಲೈ ಎಂಬ ಹೆಸರಿನದೇ ಬೇರೆ ಒಂದು ಕ್ರಿಯಾಪದ ಇದೆ, ಅದರ ಅರ್ಥ ಸುಳ್ಳು ಹೇಳು. ಅದರ ಭೂತಕಾಲ ಲೈಡ್. ಈಗ ರಜಾ ಅರ್ಜಿ ಬರೆಯೋದನ್ನ ನೆನಪು ಮಾಡಿಕೊಳ್ಳಿ. ಜ್ವರ ಬಂದು ಎರಡು ದಿನ ಹಾಸಿಗೆಯಲ್ಲಿ ಮಲಗಿದ್ದ ಹುಡುಗ "ಐ ಲೈಡ್ ಇನ್ ಬೆಡ್ ಫಾರ್ ಟೂ ಡೇಸ್" ಎಂದು ಬರೆದ ಅಂತಿಟ್ಟುಕೊಳ್ಳಿ. ಓದುವವರಿಗೆ ಏನು ಅರ್ಥವಾಗುತ್ತೆ? "ನಾನು ಎರಡು ದಿನ ಹಾಸಿಗೆಯಲ್ಲಿ ಸುಳ್ಳು ಹೇಳಿದೆ." ನಿಜವಾದ ಜ್ವರ ಸುಳ್ಳಾಗಿ ಹೋಯಿತು! ಕೆಳಗೆ ಪೋಷಕರ ಸಹಿ ಬೇರೆ. ನಮ್ಮಲ್ಲಿ ಎಷ್ಟೋ ಜನರ ಅಪ್ಪ ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಮಗ ಬರೆದಿದ್ದಾನೆ, ಮಗಳು ಬರೆದಿದ್ದಾಳೆ ಎಂದು ನಂಬಿ, ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತಾರೆ. ಅವರ ಹೆಸರಿನ ಮೇಲೆ ಅಂಥ ವಾಕ್ಯ ಇರಬಾರದು. ಅಲ್ಲಿ ಬರಬೇಕಾದದ್ದು "ಐ ಲೇ ಇನ್ ಬೆಡ್."

ಪೇಟೆ ಶಾಲೆಯವರು ನಗ್ತಾರೆ ಅಂತ ಹೆದರಬೇಡಿ. ಇಂಗ್ಲಿಷ್ ಮನೆಮಾತಾಗಿರುವ ದೇಶಗಳಲ್ಲೇ ಎಷ್ಟೋ ಜನ ಲೈ ಡೌನ್ ಅನ್ನಬೇಕಾದ ಕಡೆ ಲೇ ಡೌನ್ ಅಂತಾರೆ.

ಇಂಥ ಜೋಡಿಗಳು ಇನ್ನೂ ಇವೆ. ಸೂರ್ಯ ತಾನೇ ಮೇಲೇರುತ್ತಾನೆ, ಅದು ರೈಸ್. ನಾವು ಕೈ ಎತ್ತುತ್ತೇವೆ, ಅದು ರೇಜ್. ಸಿಟ್ ಮತ್ತು ಸೆಟ್ ಕೂಡ ಹಾಗೇ. ಫಾಲ್ ಅಂದರೆ ಬೀಳು, ಫೆಲ್ ಅಂದರೆ ಮರ ಕಡಿದು ಬೀಳಿಸು. ತಮಾಷೆ ನೋಡಿ, ಫಾಲ್ ಪದದ ಭೂತಕಾಲವೂ ಫೆಲ್! ಮರ ಬಿತ್ತು ಅಂದರೂ ಫೆಲ್, ಮರ ಕಡಿ ಅಂದರೂ ಫೆಲ್. ಲೈ-ಲೇ ಮಾಡಿದ ಕಿತಾಪತಿಯೇ ಇಲ್ಲೂ.

ಈಗ ನಿಮಗೊಂದು ಲೆಕ್ಕ. "ನಿನ್ನೆ ಕೋಳಿ ಹುಲ್ಲಿನ ಮೇಲೆ ಮಲಗಿತು. ಒಂದು ಮೊಟ್ಟೆ ಇಟ್ಟಿತು. ಮೊಟ್ಟೆ ಈಗಲೂ ಅಲ್ಲೇ ಬಿದ್ದಿದೆ." ಈ ಮೂರು ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಮೂರಕ್ಕೂ ಮೇಲಿನ ಎರಡು ಕ್ರಿಯಾಪದಗಳೇ ಸಾಕು, ಆದರೆ ಮೂರು ಕಡೆಯೂ ರೂಪ ಬೇರೆ ಬೇರೆ. ಬರೆದ ಚೀಟಿಯನ್ನು ಶನಿವಾರದೊಳಗೆ ಈ ಹಾಳೆಯ ಕೆಳಗೆ ಅಂಟಿಸಿ.

– ಏಳನೇ ತರಗತಿ