ಕೇಳುವುದಕ್ಕೆ ನಾಚಿಕೆ ಬೇಡ



ದ್ವಿತೀಯ ಪಿಯುಸಿ ಮುಗಿಸಿ ಪದವಿ ಕಾಲೇಜಿನ ಮೆಟ್ಟಿಲೇರುವ ಈ ದಿನಗಳಲ್ಲಿ ನಿಮಗೆ ಹಿತವಚನಗಳ ಕೊರತೆ ಇರಲಾರದು. ಶಿಸ್ತಿನಿಂದಿರು, ಕೆಟ್ಟ ಸಹವಾಸ ಬೇಡ, ಮೊಬೈಲ್ ಕೆಳಗಿಡು ಎಂದು ಮನೆಯ ಅಜ್ಜಿಯಿಂದ ಮೊದಲ್ಗೊಂಡು ಧರ್ಮಕೇಂದ್ರದ ಗುರುಗಳವರೆಗೆ ಎಲ್ಲರೂ ಹೇಳಿಯಾಗಿದೆ. ಅವೆಲ್ಲವೂ ಸರಿಯಾದ ಮಾತುಗಳೇ. ಆದರೆ ಪ್ರಥಮ ವರ್ಷದಲ್ಲಿ ಸೋಲುವವರೆಲ್ಲ ದುಶ್ಚಟದಿಂದಲೇ ಸೋಲುತ್ತಾರೆಂದು ಭಾವಿಸಬೇಡಿ. ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ, ಒಳ್ಳೆಯ ಅಂಕಗಳನ್ನು ಪಡೆದು, ಮಂಗಳೂರಿಗೋ ಬೆಂಗಳೂರಿಗೋ ಬಂದ ಮಕ್ಕಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಬೇರೆಯದೇ ಒಂದು ಸೋಲು. ಮೊದಲ ವಾರದ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತದೆ, ಅರ್ಧ ಅರ್ಥವಾಗುವುದಿಲ್ಲ. ಸುತ್ತಲಿನವರು ತಲೆಯಾಡಿಸುತ್ತಾರೆ, ಇವನೂ ತಲೆಯಾಡಿಸುತ್ತಾನೆ. ಎರಡನೆಯ ವಾರ ಹಿಂದಿನ ಬೆಂಚು. ಮೂರನೆಯ ತಿಂಗಳಿಗೆ ಕೆಲವು ತರಗತಿಗಳಿಗೆ ಗೈರು. ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಾಗ, “ನನ್ನ ತಲೆಗೆ ಹತ್ತುವುದಿಲ್ಲ ಫಾದರ್, ಎಲ್ಲಾದರೂ ಕೆಲಸಕ್ಕೆ ಸೇರುತ್ತೇನೆ” ಎಂಬ ಮಾತು.

ತಲೆಗೆ ಹತ್ತದಿರುವುದು ಬೇರೆ, ಹತ್ತಲಿಲ್ಲವೆಂದು ಹೇಳಲು ನಾಚುವುದು ಬೇರೆ. ಮೊದಲನೆಯದು ವಿದ್ಯಾರ್ಥಿಯ ಸಹಜ ಸ್ಥಿತಿ. ಅರಿಯದಿರುವುದರಿಂದಲೇ ಆತ ಕಾಲೇಜಿಗೆ ಬಂದಿದ್ದಾನೆ. ಎರಡನೆಯದು ಮಾತ್ರ ಅವನನ್ನು ಒಳಗಿನಿಂದ ತಿನ್ನುವ ಹುಳು.

ಸಂತ ತೋಮಸ್ ಅಕ್ವಿನಾಸರ ವಿದ್ಯಾರ್ಥಿ ಜೀವನ ಇಲ್ಲಿ ನೆನಪಾಗುತ್ತದೆ. ಹದಿಮೂರನೆಯ ಶತಮಾನದಲ್ಲಿ, ಜರ್ಮನಿಯ ಕೊಲೋನ್ ನಗರದಲ್ಲಿ, ಮಹಾ ಆಲ್ಬರ್ಟರ ಶಿಷ್ಯರಾಗಿದ್ದಾಗ ಅವರು ಸ್ಥೂಲಕಾಯದ, ಮಿತಭಾಷಿಯಾದ ತರುಣ. ಸಹಪಾಠಿಗಳು ಅವರಿಗೆ ‘ಮೂಗ ಎತ್ತು’ ಎಂದು ಅಡ್ಡಹೆಸರಿಟ್ಟಿದ್ದರು. ಅವರನ್ನು ದಡ್ಡರೆಂದು ಬಗೆದ ಸಹಪಾಠಿಯೊಬ್ಬ ಕನಿಕರದಿಂದ ಪಾಠ ಹೇಳಿಕೊಡಲು ಮುಂದಾದಾಗ ಅವರು ಕೃತಜ್ಞತೆಯಿಂದ ಒಪ್ಪಿಕೊಂಡರೆಂದೂ, ನಡುವೆ ಆ ಸಹಪಾಠಿಯೇ ದಾರಿ ತಪ್ಪಿದಾಗ ತೋಮಸರೇ ಪಾಠವನ್ನು ಬಿಡಿಸಿ ಹೇಳಿದರೆಂದೂ ಅವರ ಜೀವನಚರಿತ್ರೆಕಾರರು ತಿಳಿಸುತ್ತಾರೆ. ಈ ಕಥೆಯಲ್ಲಿ ಅವರ ಮೇಧಾಶಕ್ತಿಯನ್ನು ಮೆಚ್ಚುವವರೇ ಎಲ್ಲರೂ. ನನಗೆ ಹಿಡಿಸಿದ್ದು, ತನಗಿಂತ ಕಡಿಮೆ ಬಲ್ಲವನಿಂದಲೂ ಕಲಿಯಲು ಸಿದ್ಧವಾಗಿ ಕುಳಿತ ಆ ಮನಸ್ಸು. 1880ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಇವರನ್ನೇ ಕಥೋಲಿಕ ವಿದ್ಯಾಸಂಸ್ಥೆಗಳ ಪಾಲಕ ಸಂತರೆಂದು ಘೋಷಿಸಿದರು. ಮಂಗಳೂರಿನಲ್ಲಿ ಯೇಸುಸಭೆಯವರು ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ್ದೂ ಅದೇ ವರ್ಷ.

ಆ ಕಾಲದ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಒಂದು ಸೊಗಸಾದ ಪದ್ಧತಿಯಿತ್ತು. ವರ್ಷದಲ್ಲಿ ಎರಡು ಬಾರಿ, ಕ್ರಿಸ್ತಜಯಂತಿಗೆ ಮುಂಚಿನ ಆಗಮನ ಕಾಲದಲ್ಲಿ ಮತ್ತು ತಪಸ್ಸುಕಾಲದಲ್ಲಿ, ಗುರುಗಳು ಸಾರ್ವಜನಿಕವಾಗಿ ಸಭೆ ಸೇರಿಸುತ್ತಿದ್ದರು. ಯಾರು ಬೇಕಾದರೂ ಯಾವ ವಿಷಯದ ಬಗ್ಗೆಯಾದರೂ ಪ್ರಶ್ನೆ ಕೇಳಬಹುದಾಗಿತ್ತು, ಗುರುಗಳು ಉತ್ತರಿಸಲೇಬೇಕಾಗಿತ್ತು. ತೋಮಸರ ಮೇರುಕೃತಿಯಲ್ಲಿಯೂ ಪ್ರತಿಯೊಂದು ಚರ್ಚೆ ಆರಂಭವಾಗುವುದು ಎದುರಾಳಿಯ ಆಕ್ಷೇಪಗಳಿಂದ; ಗ್ರಂಥಕರ್ತನ ಉತ್ತರ ಬರುವುದು ಆನಂತರ. ಇನ್ನು ಜಪಸರದ ಸಂತೋಷದ ರಹಸ್ಯಗಳಲ್ಲಿ ಐದನೆಯದನ್ನು ನೀವು ಬಾಲ್ಯದಿಂದ ಧ್ಯಾನಿಸುತ್ತಾ ಬಂದಿದ್ದೀರಿ. ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಮಾಡುತ್ತಿದ್ದುದೇನು? ಆಲಿಸುವುದು ಮತ್ತು ಪ್ರಶ್ನಿಸುವುದು.

“ಇಂಗ್ಲಿಷಿನಲ್ಲಿ ಕೇಳಲು ಬಾರದಲ್ಲ” ಎಂದು ನೀವು ಹೇಳಬಹುದು. ಕನ್ನಡದಲ್ಲಿಯೇ ಕೇಳಿ. ನಮ್ಮ ಕಾಲೇಜುಗಳ ಬಹುಪಾಲು ಅಧ್ಯಾಪಕರು ಇದೇ ನಾಡಿನವರು. ತರಗತಿಯಲ್ಲಿ ಸಂಕೋಚವೆನಿಸಿದರೆ ಅಧ್ಯಾಪಕರ ಕೊಠಡಿಯ ಬಾಗಿಲು ತಟ್ಟಿ. ಭಾಷೆ ತಿಳಿಯದಿರುವುದೂ ವಿಷಯ ತಿಳಿಯದಿರುವುದೂ ಒಂದೇ ಅಲ್ಲ. ಉಡುಪಿ ಬಳಿಯ ಶಂಕರಪುರದಲ್ಲಿ ನಮ್ಮ ಅನೇಕ ಕಥೋಲಿಕ ಕುಟುಂಬಗಳು ಮಲ್ಲಿಗೆ ಬೆಳೆಯುತ್ತವೆ. ಅಂಥ ಮನೆಯ ಹುಡುಗಿಯೊಬ್ಬಳು ಬಿ.ಕಾಂ. ತರಗತಿಯಲ್ಲಿ ಕುಳಿತಿದ್ದಾಳೆಂದು ಇಟ್ಟುಕೊಳ್ಳಿ. ಕಪ್ಪುಹಲಗೆಯ ಮೇಲೆ ‘ಇಲಾಸ್ಟಿಸಿಟಿ ಆಫ್ ಡಿಮ್ಯಾಂಡ್’ ಎಂದು ಬರೆದದ್ದನ್ನು ಕಂಡು ಕಂಗಾಲಾಗುತ್ತಾಳೆ. ಕನ್ನಡ ಪಠ್ಯವನ್ನು ತೆರೆದರೆ ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ ಎಂದಿರುತ್ತದೆ. ಅದು ಇಂಗ್ಲಿಷಿಗಿಂತ ಭಯಂಕರ! ಆದರೆ ಅಟ್ಟೆಯ ದರ ಒಮ್ಮೆಲೇ ಏರಿದ ದಿನವೂ ಮದುವೆ ಮನೆಯವರು ಹೂ ಕೊಳ್ಳದೆ ಬಿಡುವುದಿಲ್ಲ, ದಿನನಿತ್ಯ ಮುಡಿಯುವವರು ಮಾತ್ರ ಕೈಬಿಡುತ್ತಾರೆ ಎಂಬುದನ್ನು ಆಕೆ ಚಿಕ್ಕಂದಿನಿಂದ ಬಲ್ಲಳು. ಆ ಪಾಠದ ತಿರುಳು ಅದುವೇ. ಬಾಯಿಬಿಟ್ಟು ಒಂದು ಪ್ರಶ್ನೆ ಕೇಳಿದ್ದರೆ, ತನಗೆ ಆಗಲೇ ಗೊತ್ತಿರುವುದಕ್ಕೆ ಇದು ಹೊಸ ಹೆಸರೆಂದು ಅವಳಿಗೆ ತಿಳಿಯುತ್ತಿತ್ತು.

ಆದ್ದರಿಂದ ಹಿಂದಿನ ಬೆಂಚಿಗೆ ಹೋಗಬೇಡಿ. ಪ್ರತಿ ವಿಷಯಕ್ಕೂ ಒಂದು ಸಣ್ಣ ಪುಸ್ತಕವಿಟ್ಟು, ಮತ್ತೆ ಮತ್ತೆ ಬರುವ ಪಾರಿಭಾಷಿಕ ಪದಗಳನ್ನು ಅರ್ಥಸಹಿತ ಬರೆದುಕೊಳ್ಳಿ. ಒಂದು ವಿಷಯವನ್ನು ನಡೆಸುವ ಮುಖ್ಯ ಪದಗಳು ನೀವು ಹೆದರಿದಷ್ಟು ಹೆಚ್ಚಿರುವುದಿಲ್ಲ. ವಾರಕ್ಕೆ ಒಂದಾದರೂ ಪ್ರಶ್ನೆಯನ್ನು ಮೊದಲೇ ಬರೆದಿಟ್ಟುಕೊಂಡು ಕೇಳಿ. ಗಂಟಲು ಒಣಗಿದರೂ ಚಿಂತೆಯಿಲ್ಲ. ಯಾರಾದರೂ ನಕ್ಕರೆ, ನಕ್ಕವರಿಗೂ ಅದರ ಉತ್ತರ ಗೊತ್ತಿಲ್ಲದಿರುವುದೇ ಹೆಚ್ಚು.

ಕಚೇರಿಯ ವಿಷಯಗಳನ್ನೂ ಕೇಳಿಯೇ ತಿಳಿಯಬೇಕು. ಹಿರಿಯ ವಿದ್ಯಾರ್ಥಿಗಳ ಮಾತನ್ನೇ ನಂಬಿ ಕೂರುವಂತಿಲ್ಲ. ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಪದವಿಯ ಕ್ರಮ ಬಂತು. 2024-25ರಿಂದ ಸರ್ಕಾರ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ಅಣ್ಣ ಓದಿದ ಕ್ರಮವೇ ತಮ್ಮನಿಗೂ ಇದೆಯೆಂದು ಹೇಳಲಾಗದು. ನಿಮ್ಮ ವರ್ಷದ ಪಠ್ಯಕ್ರಮ, ಆಂತರಿಕ ಅಂಕಗಳ ನಿಯಮ, ಹಾಜರಾತಿ (ಸಾಮಾನ್ಯವಾಗಿ ಶೇಕಡಾ 75), ವಿದ್ಯಾರ್ಥಿವೇತನಕ್ಕೆ ಬೇಕಾದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು, ಇವುಗಳನ್ನು ಮೊದಲ ತಿಂಗಳಲ್ಲೇ ವಿಚಾರಿಸಿ.

ನಾಚಿಕೆಯ ಮೌನ ಇದಕ್ಕಿಂತ ಅಪಾಯಕಾರಿಯಾಗುವ ಜಾಗವೊಂದಿದೆ. 2009ರ ಮಾರ್ಚಿನಲ್ಲಿ ಹಿಮಾಚಲ ಪ್ರದೇಶದ ವೈದ್ಯಕೀಯ ಕಾಲೇಜೊಂದರಲ್ಲಿ ಪ್ರಥಮ ವರ್ಷದ ವಿದ್ಯಾರ್ಥಿಯೊಬ್ಬ ಹಿರಿಯ ವಿದ್ಯಾರ್ಥಿಗಳ ಹೊಡೆತಕ್ಕೆ ಪ್ರಾಣ ಕಳೆದುಕೊಂಡ. ಅದೇ ವರ್ಷ ವಿಶ್ವವಿದ್ಯಾಲಯ ಅನುದಾನ ಆಯೋಗ ರ‍್ಯಾಗಿಂಗ್ ವಿರುದ್ಧ ಕಟ್ಟುನಿಟ್ಟಿನ ನಿಯಮಗಳನ್ನು ತಂದಿತು. ಪ್ರವೇಶದ ಸಮಯದಲ್ಲಿ ನೀವೂ ನಿಮ್ಮ ತಂದೆ-ತಾಯಿಯೂ ಸಹಿ ಮಾಡುವ ಮುಚ್ಚಳಿಕೆಯ ಹಿಂದೆ ಇರುವುದು ಇದೇ. ಅವಮಾನವನ್ನು ನುಂಗಿಕೊಳ್ಳುವುದು ಸಹನೆಯಲ್ಲ. 1800-180-5522 ಎಂಬ ಸಂಖ್ಯೆಗೆ ದೂರು ಕೊಡಬಹುದು. ಊರ ನೆನಪು, ಒಂಟಿತನ, ನಿದ್ರೆಯಿಲ್ಲದ ರಾತ್ರಿಗಳು ಮಿತಿಮೀರಿದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಿದೆ. 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡಬಹುದು. ಪಾಪನಿವೇದನೆಗೆ ಬರುವವರಿಗೂ ನಾನು ಈ ಸಂಖ್ಯೆಯನ್ನು ಕೊಡುವುದುಂಟು. ಪ್ರಾರ್ಥನೆಗೂ ವೈದ್ಯಕ್ಕೂ ಜಗಳವಿಲ್ಲ.

ತಂದೆ-ತಾಯಂದಿರಿಗೆ ಒಂದೆರಡು ಮಾತು. ಭಾನುವಾರ ಸಂಜೆ ಫೋನ್ ಮಾಡಿದಾಗ “ಎಷ್ಟು ಅಂಕ ಬಂತು?” ಎಂದು ಶುರುಮಾಡಬೇಡಿ. ಪಕ್ಕದ ಮನೆಯವರ ಮಗಳ ಹೆಸರನ್ನಂತೂ ಎತ್ತಲೇಬೇಡಿ. “ಈ ವಾರ ಯಾವುದು ಅರ್ಥವಾಗಲಿಲ್ಲ?” ಎಂದು ಕೇಳಿ, ಉತ್ತರ ಬಂದರೆ ಗದರಬೇಡಿ. ಅರ್ಥವಾಗಲಿಲ್ಲವೆಂದು ಮನೆಯಲ್ಲಿ ಹೇಳಲಾಗದ ಮಗು ತರಗತಿಯಲ್ಲಿ ಹೇಗೆ ಹೇಳೀತು? ಮಕ್ಕಳು ಊರು ಬಿಡುವ ಮುನ್ನ ಅವರನ್ನು ನಿಮ್ಮ ಧರ್ಮಕೇಂದ್ರದ ಗುರುಗಳ ಬಳಿಗೆ ಕರೆದೊಯ್ದು, ನಗರದಲ್ಲಿ ಅವರು ತಂಗುವ ಜಾಗಕ್ಕೆ ಹತ್ತಿರದ ಚರ್ಚಿನ ಗುರುಗಳಿಗೆ ಒಂದು ಪರಿಚಯ ಪತ್ರ ಬರೆಸಿಕೊಳ್ಳಿ. ಹೊಸ ಊರಿನಲ್ಲಿ ಹೆಸರು ಹಿಡಿದು ಕರೆಯುವ ಒಬ್ಬರಾದರೂ ಇರಲಿ. ಪತ್ರವನ್ನು ಪೆಟ್ಟಿಗೆಯ ತಳದಲ್ಲಿಡದೆ ಮೊದಲ ಭಾನುವಾರದ ಬಲಿಪೂಜೆ ಮುಗಿದೊಡನೆ ಕೊಡಲು ಹೇಳಿ.