ಒಣಗಿದ ಎಸಳು, ಉಳಿದ ನೀರು

ಮುಂಬಯಿಯ ದಾದರ್ ಹೂವಿನ ಪೇಟೆಯಿಂದ ಹಬ್ಬದ ಮುನ್ನಾದಿನ ತಂದ ಗುಲಾಬಿ, ಪೂಜೆಯ ಮರುದಿನ ನಿರ್ಮಾಲ್ಯವಾಗುತ್ತದೆ. ಹಣ ತೆತ್ತು ಕೊಂಡ ಹೂವನ್ನು ಎಸೆಯಲು ಮನಸ್ಸೊಪ್ಪದೆ, ಎಸಳು ಬಿಡಿಸಿ ಮೊರದಲ್ಲಿ ಹರಡಿ, ಎರಡು ದಿನದ ಮೇಲೆ ಡಬ್ಬಿಗೆ ತುಂಬಿಡುವ ಗೃಹಿಣಿಯರುಂಟು. ಈ ಮಿತವ್ಯಯ ಮೆಚ್ಚತಕ್ಕದ್ದೇ. ಆದರೆ ಆ ಎಸಳು ಮುಂದೆ ಹಾಲಿಗೋ ಪಾನಕಕ್ಕೋ ಬೀಳುವುದಾದರೆ ಅಲ್ಲಿ ಎರಡು ತಪ್ಪುಗಳು ನಡೆದಿರುತ್ತವೆ.

ಮೊದಲನೆಯದು ಹೂವಿನ ಆಯ್ಕೆ. ಪೇಟೆಯ ಹೂವು ನೋಟಕ್ಕಾಗಿ ಬೆಳೆದದ್ದು, ಊಟಕ್ಕಲ್ಲ. ಅದಕ್ಕೆ ಸಿಂಪಡಿಸಿದ ಕೀಟನಾಶಕ ತೊಳೆದರೆ ಪೂರ್ತಿ ಹೋಗುವುದೆಂಬ ಭರವಸೆಯಿಲ್ಲ. ಒಣಗಿಸಿದಾಗ ಆರುವುದು ನೀರು ಮಾತ್ರ. ಔಷಧದ ಅಂಶ ಬಹುಮಟ್ಟಿಗೆ ಎಸಳಿನಲ್ಲಿಯೇ ಉಳಿದೀತು. ತಿನ್ನುವ ಎಸಳಿಗೆ ಗ್ಯಾಲರಿಯ ಕುಂಡದಲ್ಲಿ ಔಷಧ ಹೊಡೆಯದೆ ಬೆಳೆದ ಪನ್ನೀರು ಗುಲಾಬಿ, ದಾಸವಾಳಗಳೇ ಯೋಗ್ಯ. ದೇವರಿಗೆ ಏರಿಸುವ ಹೂವೆಲ್ಲ ತಿನ್ನಲು ಬರುವುದಿಲ್ಲ. ಕಣಗಿಲೆಯಲ್ಲಿ ಹೃದಯದ ಬಡಿತವನ್ನೇ ಕೆಡಿಸುವ ವಿಷವಿದೆ, ಒಣಗಿದರೂ ಅದು ಹೋಗದು.

ಎರಡನೆಯ ತಪ್ಪು ಅವಸರ. ಹಸಿ ಎಸಳಿನ ತೂಕದಲ್ಲಿ ಶೇಕಡಾ 80ರಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು, ನೀರೇ ಇರುತ್ತದೆ. 100 ಗ್ರಾಂ ಎಸಳು ಸರಿಯಾಗಿ ಒಣಗಿದರೆ ದಕ್ಕುವುದು ಸುಮಾರು 15ರಿಂದ 20 ಗ್ರಾಂ. ಅದಕ್ಕಿಂತ ಬಹಳ ಹೆಚ್ಚು ತೂಗಿದರೆ ಹಿಗ್ಗಬೇಕಾದುದಿಲ್ಲ. ಅದು ಲಾಭವಲ್ಲ, ತೀರದೆ ಉಳಿದ ಬಾಕಿ. ಮುಚ್ಚಿದ ಡಬ್ಬಿಯಲ್ಲಿ ಆ ನೀರನ್ನು ಆಶ್ರಯಿಸಿ ಬೂಷ್ಟು ಬೆಳೆಯುತ್ತದೆ.

ಬೂಷ್ಟೆಂದರೆ ಬಿಸಿಲಿಗೆ ಹಿಡಿದು ಕೊಡವಿದರೆ ಸಾಕೆಂದು ಭಾವಿಸುವವರೇ ಬಹಳ. 1974ರಲ್ಲಿ ಗುಜರಾತ್ ಮತ್ತು ರಾಜಸ್ಥಾನದ ಹಳ್ಳಿಗಳಲ್ಲಿ, ಅಕಾಲದ ಮಳೆಗೆ ತೊಯ್ದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ತಿಂದ ನೂರಕ್ಕೂ ಹೆಚ್ಚು ಜನ ಯಕೃತ್ತಿನ ಬೇನೆಯಿಂದ ಸತ್ತರು. ಅಲ್ಲಿ ಕಂಡುಬಂದ ಅಫ್ಲಟಾಕ್ಸಿನ್ ಎಂಬ ವಿಷ ಮನೆಯ ಒಲೆಯ ಬೇಯಿಸುವಿಕೆಗೆ ನಾಶವಾಗುವಂಥದಲ್ಲ. ಚಿಟಿಕೆ ಎಸಳು ಹೊತ್ತುಹೊತ್ತಿನ ರೊಟ್ಟಿಗೆ ಸಮವಲ್ಲ, ನಿಜ. ಎಲ್ಲ ಬೂಷ್ಟೂ ಆ ಜಾತಿಯದಲ್ಲ ಎಂಬುದೂ ನಿಜ. ಆದರೆ ಯಾವುದು ಯಾವ ಜಾತಿಯದೆಂದು ಬರಿಗಣ್ಣಿಗೆ ತಿಳಿಯುವುದಿಲ್ಲವಾದ್ದರಿಂದ, ಬೂಷ್ಟು ಕಂಡ ಡಬ್ಬಿಯನ್ನು ಪೂರ್ತಿ ಚೆಲ್ಲುವುದೇ ಸರಿ.

ಮುಂಬಯಿ, ಮಂಗಳೂರುಗಳಂಥ ಕಡಲ ಮಗ್ಗುಲಿನ ಊರುಗಳಲ್ಲಿ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ನವೆಂಬರಿನಿಂದ ಮಾರ್ಚಿನವರೆಗೆ ಅನುಕೂಲ. ಬೆಳಗಿನ ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುನ್ನ ಹೂ ಬಿಡಿಸಬೇಕು. ಗುಲಾಬಿ ಎಸಳಿನ ಬುಡದ ಬಿಳಿಯ ಭಾಗ ಕಹಿ. ಅದನ್ನು ಚಿವುಟಿ ತೆಗೆಯುವುದು ಒಳ್ಳೆಯದು. ದಾಸವಾಳದ ಹಸಿರು ತೊಟ್ಟನ್ನೂ ನಡುವಣ ಕೇಸರದ ದಂಡನ್ನೂ ತೆಗೆಯಬೇಕು. ಅದರ ಎಸಳು ಲೋಳೆಯಾದ್ದರಿಂದ ಒಂದೆರಡು ದಿನ ಹೆಚ್ಚು ಬೇಡುತ್ತದೆ. ವೃತ್ತಪತ್ರಿಕೆಯ ಶಾಯಿ ಎಸಳಿಗೆ ಅಂಟುವ ಕಾರಣ, ಹಳೆಯ ಬಿಳಿ ಪಂಚೆಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡುವುದು ವಾಸಿ. ಜಾಗ ನೆರಳಿನದಾಗಿರಲಿ. ಕಡುಬಿಸಿಲು ನೀರನ್ನೇನೋ ಬೇಗ ಹೀರುತ್ತದೆ. ಜೊತೆಗೆ ಬಣ್ಣವನ್ನೂ ಪರಿಮಳವನ್ನೂ ಒಯ್ಯುತ್ತದೆ. ಉಗಿ ತುಂಬುವ ಅಡಿಗೆಮನೆ ಬೇಡ. ಫ್ಯಾನು ಹಾಕಿದರೆ ಎಸಳು ಕೋಣೆಯ ತುಂಬ ಹಾರಾಡಿ, ಕಸಬರಿಕೆ ಹಿಡಿದವರ ಬೈಗುಳಕ್ಕೆ ಗುರಿಯಾಗಬೇಕಾದೀತು. ತೆಳುಬಟ್ಟೆ ಹೊದಿಸಿದರೆ ಆ ತೊಂದರೆಯಿಲ್ಲ.

ನಾಲ್ಕೈದು ದಿನ, ಕೆಲವೊಮ್ಮೆ ವಾರ ಹಿಡಿಯುತ್ತದೆ. ಎಸಳು ಬೆರಳ ನಡುವೆ ಬಾಗದೆ ಗರಿಗರಿಯಾಗಿ ಪುಡಿಯಾಗಬೇಕು. ಹಾಗಾದರೂ ನೇರವಾಗಿ ಡಬ್ಬಿ ಸೇರಿಸಲಾಗದು. ಒಣಗಿದ ಗಾಜಿನ ಶೀಶೆಗೆ ಹಾಕಿ ಬಿಗಿಯಾಗಿ ಮುಚ್ಚಿ ಎರಡು ದಿನ ಕಾದು ನೋಡಬೇಕು. ಒಳಗೋಡೆಯಲ್ಲಿ ಬೆವರಿನಂತೆ ಮಂಜು ಕಂಡರೆ ಅಥವಾ ಎಸಳು ಮತ್ತೆ ಮೆತ್ತಗಾದರೆ, ಪುನಃ ಹರಡತಕ್ಕದ್ದು. ಸ್ಟೀಲ್ ಡಬ್ಬಿಯಲ್ಲಿ ಈ ಪರೀಕ್ಷೆ ಸಾಧ್ಯವಿಲ್ಲ.

ಗುಲ್ಕಂದಿನ ದಾರಿ ಬೇರೆ. ಅಲ್ಲಿ ನೀರನ್ನು ಎಸಳಿನಿಂದ ಎಳೆದು ಕಟ್ಟಿಹಾಕುವುದು ಸಕ್ಕರೆ. ಹಾಗಾಗಿಯೇ ಅದು ಹಸಿಯಾಗಿದ್ದರೂ ಬಾಳುತ್ತದೆ, ಹಾಗಾಗಿಯೇ ಸಕ್ಕರೆ ಕಾಯಿಲೆಯವರಿಗೆ ಸಲ್ಲದು. ಅವರು ಒಣ ದಾಸವಾಳದ ಎಸಳನ್ನು ಬಿಸಿನೀರಿನಲ್ಲಿ ನೆನೆಸಿ, ನಿಂಬೆ ಹಿಂಡಿ ಕುಡಿಯಬಹುದು. ನೀಲಿಮಿಶ್ರಿತ ನೀರು ಹುಳಿ ತಾಗಿದೊಡನೆ ಕೆಂಪಾಗುವುದನ್ನು ಮಕ್ಕಳು ಬೆರಗಿನಿಂದ ನೋಡುತ್ತಾರೆ. ಗರ್ಭಿಣಿಯರೂ ದಿನವೂ ಮಾತ್ರೆ ನುಂಗುವವರೂ ಮೊದಲು ವೈದ್ಯರನ್ನು ಕೇಳತಕ್ಕದ್ದು.

ಶೀಶೆಯ ಮೇಲೆ ತಾರೀಖು ಬರೆದಿಟ್ಟು ಕತ್ತಲೆಯ ಕಪಾಟಿನಲ್ಲಿರಿಸಿದರೆ ವರ್ಷದವರೆಗೆ ಪರಿಮಳ ನಿಲ್ಲುತ್ತದೆ. ಆಮೇಲೆ ಉಳಿದದ್ದು, ಬೂಷ್ಟು ಸೋಕಿರದಿದ್ದರೆ, ಸೀಗೆಪುಡಿಯ ಜೊತೆಗೆ ಸೇರಬಹುದು.