ಮಳೆ ಹಿಡಿದರೆ ಬೈಕ್‌ಗೆ ಮುನಿಸು: ಕಿಕ್ಕರ್ ಹೊಡೆಯುವ ಮುನ್ನ ಒಂದು ನಿಮಿಷ ನಿಲ್ಲಿ

ಸುಲ್ತಾನ್ ಬತ್ತೇರಿ: ಆರಿದ್ರಾ ಮಳೆ ಹಿಡಿಯಿತೆಂದರೆ ವಯನಾಡಿನ ಅಂಗಳಗಳಲ್ಲಿ ಬೆಳಿಗ್ಗೆ ಬೆಳಿಗ್ಗೆ ಕೇಳಿಬರುವುದು ಕಿಕ್ಕರ್ ಹೊಡೆಯುವ ಸದ್ದು. ಹತ್ತು ಸಲ, ಇಪ್ಪತ್ತು ಸಲ. ಕಾಲು ಸೋಲುತ್ತದೆ, ಗಾಡಿ ಮಾತ್ರ ಏಳುವುದಿಲ್ಲ. ಅತ್ತ ಡೇರಿಗೆ ಹಾಲು ಹಾಕುವ ಹೊತ್ತು ಮೀರುತ್ತದೆ, ಇತ್ತ ಮಕ್ಕಳ ಸ್ಕೂಲ್ ಬೆಲ್ ಹೊಡೆಯುತ್ತದೆ. ವರ್ಕ್‌ಶಾಪ್ ಮುಂದೆ ಕೆಎಲ್ 73 ಗಾಡಿಯ ಪಕ್ಕದಲ್ಲೇ ಚಾಮರಾಜನಗರದ ಕೆಎ 10 ಗಾಡಿಯೂ ಸಾಲಿನಲ್ಲಿ ನಿಲ್ಲುತ್ತದೆ. ಮಳೆಗೆ ಗಡಿ ಎಲ್ಲಿಯದು?

ಗಡಿ ದಾಟಿ ಓಡಾಡುವ ಕನ್ನಡದ ಮನೆಗಳಿಗೆ ಇದು ಬರೀ ಕಿರಿಕಿರಿಯ ವಿಷಯವಲ್ಲ. ಗುಂಡ್ಲುಪೇಟೆಗೆ ಮದುವೆಗೆ ಹೋದವರು, ಮೈಸೂರಿನ ಆಸ್ಪತ್ರೆಗೆ ಹೋದವರು ಕತ್ತಲಾಗುವ ಮೊದಲೇ ವಾಪಸ್ ಹೊರಡಬೇಕು. ಬಂಡೀಪುರ ಕಾಡಿನ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್. ಮಾನಂತವಾಡಿಯಿಂದ ಬಾವಲಿ ಮೂಲಕ ಹೋಗುವ ದಾರಿ ಸಂಜೆ 6ಕ್ಕೇ ಮುಚ್ಚುತ್ತದೆ. ರಾತ್ರಿ ಉಳಿಯುವುದು ಕುಟ್ಟ, ಗೋಣಿಕೊಪ್ಪದ ಸುತ್ತು ದಾರಿ. ಅರ್ಧ ಗಂಟೆ ಬೈಕ್ ಕೈಕೊಟ್ಟರೆ ಗೇಟಿನ ಹೊರಗೇ ರಾತ್ರಿ ಕಳೆಯುವ ಪಾಡು. ಮೂಲೆಹೊಳೆ ಬಳಿ ಕಾಡಿನ ನಡುವೆ ನಿಂತರಂತೂ ಆನೆ ದಾಟುವ ಜಾಗ.

ನೀರು ಹೋದದ್ದು ಎಲ್ಲಿಗೆ?

ಇಲ್ಲಿನ ಮೆಕ್ಯಾನಿಕ್‌ಗಳು ‘ವೆಳ್ಳಂ ಕಯರಿ’ (ನೀರು ಹೊಕ್ಕಿದೆ) ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆದರೆ ನೀರು ಎಲ್ಲಿಗೆ ಹೊಕ್ಕಿತು ಎನ್ನುವುದೇ ಮುಖ್ಯ. ಎಂಜಿನ್‌ಗೆ ಬೇಕಾದ್ದು ಮೂರೇ: ಗಾಳಿ, ಪೆಟ್ರೋಲ್ ಮತ್ತು ಪ್ಲಗ್‌ನ ಕಿಡಿ. ಈ ಕಿಡಿಗೆ ಗ್ಯಾರೇಜ್ ಭಾಷೆಯಲ್ಲಿ ‘ಕರೆಂಟ್’ ಅಂತಾರೆ. ಮಳೆ ಈ ಮೂರರಲ್ಲಿ ಯಾವುದಕ್ಕೂ ಅಡ್ಡ ಬರಬಹುದು. ಹೆಚ್ಚಿನ ಸಲ ಅಡ್ಡ ಬರುವುದು ಕರೆಂಟ್‌ಗೆ.

ಅದಕ್ಕೂ ಮೊದಲು ನಾಚಿಕೆ ಬಿಟ್ಟು ನೋಡಬೇಕಾದ ನಾಲ್ಕು ಸಂಗತಿಗಳಿವೆ. ರೇನ್‌ಕೋಟ್ ತಾಗಿ ಹ್ಯಾಂಡಲ್ ಮೇಲಿನ ಕೆಂಪು ಸ್ವಿಚ್ ಆಫ್ ಆಗಿದೆಯೇ? ಸೈಡ್ ಸ್ಟ್ಯಾಂಡ್ ಎತ್ತಿದೆಯೇ? ಗೇರ್ ನ್ಯೂಟ್ರಲ್‌ನಲ್ಲಿದೆಯೇ? ಪೆಟ್ರೋಲ್ ರಿಸರ್ವ್‌ಗೆ ಬಂದಿದೆಯೇ? ಅರ್ಧ ತಾಸು ಒದ್ದು ಸುಸ್ತಾದ ಮೇಲೆ ಕೆಂಪು ಸ್ವಿಚ್ ಕಣ್ಣಿಗೆ ಬಿದ್ದ ಉದಾಹರಣೆ ಊರಿಗೊಂದು ಸಿಗುತ್ತದೆ.

ಕ್ಯಾಪ್ ಒರೆಸಿ ನೋಡಿ

ಕಾಯಿಲ್‌ನಿಂದ ಪ್ಲಗ್‌ಗೆ ಬರುವ ಕರೆಂಟ್ ಹತ್ತು ಸಾವಿರ ವೋಲ್ಟ್‌ಗೂ ಮೇಲೆ. ಅಷ್ಟು ಜೋರಿನ ಕರೆಂಟ್‌ಗೆ ಒದ್ದೆ ಮೇಲ್ಮೈಯೇ ದಾರಿ. ಪ್ಲಗ್ ಕ್ಯಾಪ್ ಒಳಗೆ ತೇವ ಕೂತರೆ, ಇಲ್ಲವೇ ವೈರ್‌ನ ರಬ್ಬರ್ ಬಿರುಕು ಬಿಟ್ಟಿದ್ದರೆ, ಕಿಡಿ ಪ್ಲಗ್ ತುದಿಗೆ ಹೋಗದೆ ಪಕ್ಕದ ಎಂಜಿನ್‌ಗೆ ಸೋರಿಹೋಗುತ್ತದೆ. ಕತ್ತಲಲ್ಲಿ ನೋಡಿದರೆ ಕ್ಯಾಪ್ ಸುತ್ತ ನೀಲಿ ಮಿಣುಕು ಕಾಣುವುದೂ ಉಂಟು.

ಪರಿಹಾರ ಸುಲಭ. ಕೀ ಆಫ್ ಮಾಡಿ, ಕ್ಯಾಪ್ ಎಳೆದು ತೆಗೆದು ಒಣ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ. ಪ್ಲಗ್‌ನ ಬಿಳಿ ಪಿಂಗಾಣಿ ಭಾಗವನ್ನೂ ಒರೆಸಿ. ವೈರ್ ತುದಿ ಹಸಿರುಗಟ್ಟಿದ್ದರೆ ಅರ್ಧ ಸೆಂಟಿಮೀಟರ್ ಕತ್ತರಿಸಿ, ತಿರುಪಿನ ಕ್ಯಾಪ್ ಆಗಿದ್ದರೆ ಮತ್ತೆ ತಿರುಗಿಸಿ ಕೂರಿಸಬಹುದು. ಬೆಳಗಿನ ತಕರಾರು ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ.

ಆಗಲಿಲ್ಲವೆಂದರೆ ಪ್ಲಗ್ ಬಿಚ್ಚಿ. ಪ್ಲಗ್ ಒದ್ದೆಯಾಗಿದ್ದು ಪೆಟ್ರೋಲ್ ವಾಸನೆ ಹೊಡೆದರೆ ಪೆಟ್ರೋಲ್ ಬಂದಿದೆ, ಕಿಡಿ ಬಂದಿಲ್ಲ ಎಂದರ್ಥ. ಚೋಕ್ ಎಳೆದು ಎಳೆದು ‘ಓವರ್’ ಆಗಿರಲೂಬಹುದು. ಆಗ ಚೋಕ್ ತೆಗೆದು, ಪೆಟ್ರೋಲ್ ಕಾಕ್ ಮುಚ್ಚಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಏಳೆಂಟು ಸಲ ಒದ್ದರೆ ಒಳಗಿನ ಹೆಚ್ಚಿನ ಪೆಟ್ರೋಲ್ ಹೊರಹೋಗುತ್ತದೆ. ಪ್ಲಗ್ ಪೂರಾ ಒಣಗಿದ್ದರೆ ಪೆಟ್ರೋಲ್ ದಾರಿ ಕಟ್ಟಿದೆ ಎಂದು ತಿಳಿಯಬೇಕು.

ಹಳೇ ಯೆಜ್ಡಿ ಇಟ್ಟುಕೊಂಡವರಿಗೆ ಇನ್ನೊಂದು ತಾಪತ್ರಯ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಅಲ್ಲಿ ತಯಾರಾದ ಗಾಡಿಗಳನ್ನು ಇನ್ನೂ ಜೋಪಾನ ಮಾಡಿಕೊಂಡವರಿದ್ದಾರೆ. ಅವುಗಳ ‘ಪಾಯಿಂಟ್’ಗೆ ತೇವ ಹಿಡಿದರೆ ಕಿಡಿ ಇಲ್ಲ. ಒಣ ಕಾಗದದ ಪಟ್ಟಿಯನ್ನು ಪಾಯಿಂಟ್ ನಡುವೆ ತೂರಿಸಿ ಎಳೆದರೆ ತೇವವೂ ಕೊಳೆಯೂ ಬಿಟ್ಟುಬರುತ್ತದೆ.

ಟ್ಯಾಂಕ್‌ನಲ್ಲೇ ನೀರಿದ್ದರೆ?

ಟ್ಯಾಂಕ್ ಮುಚ್ಚಳದ ಸುತ್ತ ಬಿದ್ದ ಮಳೆ ನೀರು ಹೊರಹೋಗಲು ಸಣ್ಣ ತೂತು ಇರುತ್ತದೆ. ಅದಕ್ಕೆ ಮಣ್ಣು ಕಟ್ಟಿದರೆ, ರಬ್ಬರ್ ಸವೆದಿದ್ದರೆ ನೀರು ಟ್ಯಾಂಕಿಗೇ ಇಳಿಯುತ್ತದೆ. ನೀರು ಪೆಟ್ರೋಲ್‌ಗಿಂತ ಭಾರ, ತಳದಲ್ಲಿ ಕೂರುತ್ತದೆ. ಎಂಜಿನ್‌ಗೆ ಮೊದಲು ಹೋಗುವುದೂ ತಳದ್ದೇ. ಈಗ ಬಂಕ್‌ಗಳಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್‌ಗೆ ತೇವ ಹೀರುವ ಗುಣ. ನೀರು ಮಿತಿ ಮೀರಿದರೆ ಎಥನಾಲ್ ನೀರಿನ ಜತೆ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕಿಳಿಯುತ್ತದೆ.

ಕಾರ್ಬೊರೇಟರ್ ಇರುವ ಗಾಡಿಯಾದರೆ ಅದರ ಕೆಳಗಿನ ಸಣ್ಣ ಸ್ಕ್ರೂ ಸಡಿಲಿಸಿ ಒಂದಿಷ್ಟನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಕೆಳಗೆ ಬೇರೆ ಪದರ ಕಂಡರೆ ಕಳ್ಳ ಸಿಕ್ಕಿಬಿದ್ದಂತೆ. ಎಂಜಿನ್ ಬಿಸಿ ಇರುವಾಗ, ಬೀಡಿ ಸಿಗರೇಟ್ ಹತ್ತಿರ ಇರುವಾಗ ಈ ಕೆಲಸ ಖಂಡಿತ ಬೇಡ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕ್ ತುಂಬಿಸಿಡುವುದು ಒಳ್ಳೆಯದು. ಖಾಲಿ ಜಾಗ ಕಡಿಮೆಯಾದಷ್ಟೂ ಒಳಗೆ ಬೆವರುವುದು ಕಡಿಮೆ.

ಹೊಸ ಗಾಡಿ, ಹೊಸ ಕಾಯಿಲೆ

2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಹೆಚ್ಚಿನ ಬೈಕ್‌ಗಳಲ್ಲಿ ಕಾರ್ಬೊರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಇವುಗಳಲ್ಲಿ ಚೋಕ್ ಇಲ್ಲ, ಕೆಲವಕ್ಕೆ ಕಿಕ್ಕರ್ ಕೂಡ ಇಲ್ಲ. ಕೀ ಆನ್ ಮಾಡಿದ ಕೂಡಲೇ ಪೆಟ್ರೋಲ್ ಪಂಪ್ ‘ಗುಂಯ್’ ಎಂದು ಎರಡು ಸೆಕೆಂಡ್ ಸದ್ದು ಮಾಡಬೇಕು. ಸದ್ದಿಲ್ಲವೆಂದರೆ ಫ್ಯೂಸ್, ಬ್ಯಾಟರಿ, ಕೆಂಪು ಸ್ವಿಚ್ ನೋಡಿ. ಸೆಲ್ಫ್ ಒತ್ತಿದಾಗ ಬರೀ ‘ಕಟ ಕಟ’ ಅಂದರೆ ಬ್ಯಾಟರಿ ಸೋತಿದೆ, ಇಲ್ಲವೇ ಟರ್ಮಿನಲ್‌ಗೆ ಬಿಳಿ ಹಿಟ್ಟು ಹಿಡಿದಿದೆ. ಬ್ಯಾಟರಿ ಪೂರ್ತಿ ಸತ್ತರೆ ಪಂಪ್ ಓಡದು, ಹಾಗಾಗಿ ತಳ್ಳಿದರೂ ಹೆಚ್ಚಿನ ಪ್ರಯೋಜನವಿಲ್ಲ. ಮೀಟರ್‌ನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಆರದೇ ಉಳಿದರೆ ವೈರ್ ಕೀಳುವ ಸಾಹಸ ಬಿಟ್ಟು ಮೆಕ್ಯಾನಿಕ್ ಬಳಿ ಹೋಗುವುದೇ ಲೇಸು.

ಮುಳುಗಿದ ಗಾಡಿಗೆ ಸೆಲ್ಫ್ ಬೇಡ

2018ರ ಪ್ರವಾಹದ ವರ್ಷ ನೀರು ಏರುವ ವೇಗವನ್ನು ಜಿಲ್ಲೆ ಕಂಡಿದೆ. ನೀರು ಏರ್ ಫಿಲ್ಟರ್ ಮಟ್ಟ ಮುಟ್ಟಿದ ಗಾಡಿಯನ್ನು ಯಾವ ಕಾರಣಕ್ಕೂ ಸ್ಟಾರ್ಟ್ ಮಾಡಲು ನೋಡಬಾರದು. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಆಗುವುದಿಲ್ಲ. ಪಿಸ್ಟನ್ ಮೇಲೆ ನೀರಿದ್ದಾಗ ಸೆಲ್ಫ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗಿ, ನೂರಿನ್ನೂರರ ಕೆಲಸ ಸಾವಿರಗಟ್ಟಲೆ ಆಗುತ್ತದೆ. ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗಿದೆ ಎಂದೇ ಅರ್ಥ. ಫೋಟೋ ತೆಗೆದು ಇನ್ಶೂರೆನ್ಸ್‌ನವರಿಗೆ ತಿಳಿಸಿ, ಗಾಡಿಯನ್ನು ಹೊತ್ತೇ ಸಾಗಿಸಿ.

ಕಾಡಿನಲ್ಲಿ ಕೈಕೊಟ್ಟರೆ

ಮುತ್ತಂಗ ದಾಟಿದ ಮೇಲೆ ಗಾಡಿ ನಿಂತರೆ ರಿಪೇರಿಗೆ ಕೂರುವುದು ಬೇಡ. ಕ್ಯಾಪ್ ಒರೆಸಿ ಒಂದೆರಡು ಸಲ ನೋಡಿ, ಆಗದಿದ್ದರೆ ಬಸ್ಸು, ಲಾರಿ, ಅರಣ್ಯ ಇಲಾಖೆ ಜೀಪು, ಯಾವುದು ಬಂದರೂ ಕೈ ಅಡ್ಡ ಹಾಕಿ. ಸಹಾಯ ಹುಡುಕಿಕೊಂಡು ನಡೆದು ಹೋಗಬೇಡಿ. ಬೈಕ್ ಹೋದರೆ ಮತ್ತೆ ತರಬಹುದು. ಹೆಂಗಸರು ಮಕ್ಕಳನ್ನು ಮೊದಲ ವಾಹನಕ್ಕೇ ಹತ್ತಿಸಿ ಕಳಿಸಿ. ಕಾಡಿನಲ್ಲಿ ಎಲ್ಲ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಆದ್ದರಿಂದ ಹೊರಟ ಹೊತ್ತನ್ನು ಗುಂಡ್ಲುಪೇಟೆಯಲ್ಲೇ ಮನೆಗೆ ಫೋನ್ ಮಾಡಿ ಹೇಳಿಬಿಡುವುದು ಒಳ್ಳೆಯದು.

ಮಳೆಗಾಲಕ್ಕೆ ಮುನ್ನ

* ಹಳೇ ಪ್ಲಗ್ ಬದಲಿಸಿ. ಹೊಸ ಪ್ಲಗ್ ಒಂದು, ಪ್ಲಗ್ ಸ್ಪ್ಯಾನರ್ ಒಂದು ಗಾಡಿಯಲ್ಲೇ ಇರಲಿ. ಒಣ ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿರಲಿ.
* ಬಿರುಕು ಬಿಟ್ಟ ಕ್ಯಾಪ್ ಹೊಸದು ಹಾಕಿಸಿ. ಬ್ಯಾಟರಿ ಟರ್ಮಿನಲ್ ಉಜ್ಜಿ ವ್ಯಾಸಲೀನ್ ಹಚ್ಚಿ.
* ಮುಂದಿನ ಮಡ್‌ಗಾರ್ಡ್ ತುದಿಗೆ ಟ್ಯೂಬ್ ರಬ್ಬರ್ ತುಂಡು ಕಟ್ಟಿದರೆ ಚಕ್ರದ ನೀರು ನೇರ ಪ್ಲಗ್‌ಗೆ ಎರಚುವುದು ತಪ್ಪುತ್ತದೆ.
* ವಾಟರ್ ಸರ್ವಿಸ್ ಮಾಡಿಸುವಾಗ ಕೀ ತೂತು, ಸ್ವಿಚ್, ಪ್ಲಗ್ ಕಡೆಗೆ ಪೈಪ್ ಹಿಡಿಯದಂತೆ ಹೇಳಿ.
* ರಾತ್ರಿ ಹೊದಿಸುವ ಪ್ಲಾಸ್ಟಿಕ್ ನೆಲಕ್ಕೆ ತಾಗದಿರಲಿ. ಗಾಳಿಯಾಡದಿದ್ದರೆ ಒಳಗೇ ಬೆವರುತ್ತದೆ.

ಮಳೆ ಇನ್ನೂ ಬಾಕಿ ಇದೆ. ಆರಿದ್ರಾ ಆದ ಮೇಲೆ ಪುನರ್ವಸು, ಅದರ ಹಿಂದೆ ಪುಷ್ಯ. ಅಷ್ಟರೊಳಗೆ ಒಂದು ಭಾನುವಾರ ಬಿಡುವು ಮಾಡಿಕೊಂಡು ಕ್ಯಾಪ್, ವೈರ್, ಬ್ಯಾಟರಿ ನೋಡಿಕೊಂಡರೆ ಗೇಟ್ ಮುಚ್ಚುವ ಮೊದಲು ಮನೆ ಸೇರಬಹುದು.